ಎರಡು ಎತ್ತು, ಇಬ್ಬರು ಅಕ್ಕಂದಿರು: ಇಂಗ್ಲಿಷಿನ ಬಹುವಚನ ನಮ್ಮ ಮಕ್ಕಳಿಗೆ ಎಲ್ಲಿ ತೊಡಕಾಗುತ್ತದೆ

ಇಂಗ್ಲಿಷ್ ವ್ಯಾಕರಣದ ಯಾವ ಶಾಲಾ ಪುಸ್ತಕವನ್ನು ತೆರೆದರೂ ಏಕವಚನ, ಬಹುವಚನಗಳ ಪಾಠ ಒಂದು ಪಟ್ಟಿಯ ರೂಪದಲ್ಲಿಯೇ ಸಿಗುತ್ತದೆ. ಎಡಗಡೆ ಮ್ಯಾನ್, ಬಲಗಡೆ ಮೆನ್. ಎಡಗಡೆ ಆಕ್ಸ್, ಬಲಗಡೆ ಆಕ್ಸನ್. ಅದರ ಕೆಳಗೆ ಟೂತ್–ಟೀತ್, ಮೌಸ್–ಮೈಸ್, ಚೈಲ್ಡ್–ಚಿಲ್ಡ್ರನ್. ಮಕ್ಕಳು ಅದನ್ನು ಮಗ್ಗಿಯ ಹಾಗೆ ಬಾಯಿಪಾಠ ಮಾಡುತ್ತಾರೆ, ಕೇಳಿದರೆ ತಪ್ಪಿಲ್ಲದೆ ಒಪ್ಪಿಸುತ್ತಾರೆ. ಕಲಬುರಗಿ ಜಿಲ್ಲೆಯ ಕನ್ನಡ ಮಾಧ್ಯಮದ ಪ್ರೌಢಶಾಲೆಯೊಂದರಲ್ಲಿ ಇಂಗ್ಲಿಷ್ ಕಲಿಸುತ್ತಿರುವ ನನಗೆ ಆ ಪಟ್ಟಿಯ ಬಗ್ಗೆ ತಕರಾರಿಲ್ಲ. ಪಾಠವನ್ನು ಅದರಿಂದಲೇ ಆರಂಭಿಸುವ ರೂಢಿಯ ಬಗ್ಗೆ ತಕರಾರಿದೆ. ಮಕ್ಕಳು ಸ್ವಂತವಾಗಿ ನಾಲ್ಕು ವಾಕ್ಯ ಬರೆಯಲು ಕುಳಿತಾಗ ಎಡವುವ ಜಾಗ ಆ ಪಟ್ಟಿಯಲ್ಲಿ ಎಲ್ಲಿಯೂ ಇಲ್ಲ.

ತಮ್ಮ ಮನೆಯ ಬಗ್ಗೆ ಬರೆಯಲು ಹೇಳಿದಾಗ ಒಂಬತ್ತನೆಯ ತರಗತಿಯ ನೋಟುಪುಸ್ತಕಗಳಲ್ಲಿ ಮತ್ತೆ ಮತ್ತೆ ಕಾಣುವ ಬಗೆಯ ಮೂರು ವಾಕ್ಯಗಳನ್ನು ಇಲ್ಲಿ ಇಟ್ಟು ನೋಡೋಣ: 'ಮೈ ಫಾದರ್ ಹ್ಯಾಸ್ ಫೋರ್ ಏಕರ್ ಲ್ಯಾಂಡ್. ವಿ ಹ್ಯಾವ್ ಟೂ ಆಕ್ಸ್. ಐ ಹ್ಯಾವ್ ಟೂ ಸಿಸ್ಟರ್ಸ್.' ಏಕರ್ ಎಂಬುದಕ್ಕೆ ಎಸ್ ಬಂದಿಲ್ಲ. ಆಕ್ಸನ್ ಎಂದು ಕಣ್ಣು ಮುಚ್ಚಿಕೊಂಡು ಹೇಳಬಲ್ಲ ಹುಡುಗಿಯೇ ವಾಕ್ಯದೊಳಗೆ ಟೂ ಆಕ್ಸ್ ಎಂದು ಬರೆದಿದ್ದಾಳೆ. ಆದರೆ ಮೂರನೆಯ ವಾಕ್ಯದಲ್ಲಿ ಸಿಸ್ಟರ್ಸ್ ಎಂಬ ರೂಪ ಸರಿಯಾಗಿಯೇ ಬಂದಿದೆ. ಇದನ್ನು ಅಜಾಗರೂಕತೆ ಎಂದು ಕೆಂಪು ಗೆರೆ ಎಳೆದು ಮುಂದಕ್ಕೆ ಹೋದರೆ ಒಂದು ದೊಡ್ಡ ಸಂಗತಿ ಕೈತಪ್ಪಿ ಹೋಗುತ್ತದೆ. ಎಕರೆಗೂ ಎತ್ತಿಗೂ ಬೇಡವೆನಿಸಿದ ಬಹುವಚನ ಅಕ್ಕಂದಿರಿಗೆ ಮಾತ್ರ ಬೇಕೆನಿಸಿದ್ದು ಆಕಸ್ಮಿಕವಲ್ಲ. ಆ ಹುಡುಗಿ ಕನ್ನಡದ ನಿಯಮವೊಂದನ್ನು ಇಂಗ್ಲಿಷಿನಲ್ಲಿ ಚಾಚೂ ತಪ್ಪದೆ ಪಾಲಿಸಿದ್ದಾಳೆ.

ಆ ನಿಯಮ ಯಾವುದೆಂದು ತಿಳಿಯಲು ನಮ್ಮ ಮಾತನ್ನೇ ಸ್ವಲ್ಪ ಗಮನಿಸಬೇಕು. 'ಹೊಲದಾಗ ಎರಡು ಎತ್ತು ಅವ' ಎನ್ನುತ್ತೇವೆ. 'ಎರಡು ಎತ್ತುಗಳು' ಎಂದು ಬರವಣಿಗೆಯಲ್ಲಿ ಬರೆದೇವು, ಮಾತಿನಲ್ಲಿ ಯಾರೂ ಅನ್ನುವುದಿಲ್ಲ. ಎರಡು ಎಂಬ ಸಂಖ್ಯೆ ಮುಂದೆಯೇ ನಿಂತಿದೆ, 'ಅವ' ಎಂಬ ಕ್ರಿಯಾಪದ ಹಿಂದೆ ನಿಂತು ಅದನ್ನೇ ಇನ್ನೊಮ್ಮೆ ಹೇಳುತ್ತದೆ. ನಡುವಿನ ನಾಮಪದ ಮೂರನೆಯ ಸಲ ಅದನ್ನು ಹೇಳುವ ಅಗತ್ಯವಿಲ್ಲ. ನಾಲ್ಕು ಎಕರೆ, ಹತ್ತು ಚೀಲ, ಆರು ರೊಟ್ಟಿ, ಎಲ್ಲವೂ ಹೀಗೆಯೇ. ಮನುಷ್ಯರ ವಿಷಯ ಬಂದ ಕೂಡಲೇ ಲೆಕ್ಕ ಬದಲಾಗುತ್ತದೆ. 'ಎರಡು ಅಕ್ಕ' ಎಂಬ ಮಾತು ನಮ್ಮ ಕಿವಿಗೆ ಒಗ್ಗುವುದೇ ಇಲ್ಲ. ಇಬ್ಬರು ಅಕ್ಕಂದಿರು ಎಂದೇ ಆಗಬೇಕು. ನಾಮಪದವಷ್ಟೇ ಅಲ್ಲ, ಸಂಖ್ಯಾಪದವೂ ವೇಷ ಬದಲಿಸುತ್ತದೆ: ಎರಡು ಇದ್ದದ್ದು ಇಬ್ಬರು ಆಗುತ್ತದೆ, ಮೂರು ಮೂವರಾಗುತ್ತದೆ, ಕೆಲವು ಕೆಲವರಾಗುತ್ತದೆ, ಎಲ್ಲ ಎನ್ನುವುದು ಎಲ್ಲರು ಆಗುತ್ತದೆ. ಐದಾರು ದಾಟಿದ ಮೇಲೆ ನಮ್ಮ ಕಡೆ 'ಮಂದಿ' ಬಂದು ಆ ಕೆಲಸವನ್ನು ವಹಿಸಿಕೊಳ್ಳುತ್ತದೆ, 'ಇಪ್ಪತ್ತು ಮಂದಿ ಹುಡುಗರು' ಎನ್ನುವ ಹಾಗೆ.

ಎಂದರೆ ಕನ್ನಡ ಒಂದು ನಾಮಪದಕ್ಕೆ ಬಹುವಚನ ಕೊಡುವ ಮೊದಲು ಕೇಳುವ ಪ್ರಶ್ನೆ, ಇದು ಮನುಷ್ಯರ ಮಾತೋ ಅಲ್ಲವೋ ಎಂಬುದು. ಇಂಗ್ಲಿಷ್ ಆ ಪ್ರಶ್ನೆಯನ್ನು ಕೇಳುವುದೇ ಇಲ್ಲ. ಅಕ್ಕನೂ ಎತ್ತೂ ಪುಸ್ತಕವೂ ಅದರ ಕಣ್ಣಿಗೆ ಒಂದೇ ಸಾಲಿನವು. ಅದು ಕೇಳುವ ಪ್ರಶ್ನೆ ಬೇರೆ: ಇದನ್ನು ಒಂದು, ಎರಡು ಎಂದು ಎಣಿಸಬಹುದೋ ಇಲ್ಲವೋ? ಎಣಿಸಬಹುದಾದರೆ ಒಂದಕ್ಕೆ ಮುಂದೆ 'ಎ' ಅಥವಾ 'ಆನ್' ಹಾಕು, ಒಂದಕ್ಕಿಂತ ಹೆಚ್ಚಾದರೆ ಹಿಂದೆ ಎಸ್ ಹಾಕು, ಸಂಖ್ಯೆ ಹೇಳಿರಲಿ, ಹೇಳದೆ ಇರಲಿ, ಪ್ರತಿ ಸಲವೂ ಹಾಕು. ಎಣಿಸಲಾಗದಿದ್ದರೆ ಎರಡನ್ನೂ ಹಾಕಬೇಡ. ಇಡೀ ವಚನ ಪ್ರಕರಣದ ಬೆನ್ನೆಲುಬು ಇಷ್ಟೇ, ಮತ್ತು ನಮ್ಮ ಮಕ್ಕಳಿಗೆ ಮೊದಲು ಹೇಳಬೇಕಾದದ್ದೂ ಇದನ್ನೇ ಎಂಬುದು ನನ್ನ ದೃಢವಾದ ಅಭಿಪ್ರಾಯ. ಮನುಷ್ಯ ಮತ್ತು ಮನುಷ್ಯೇತರ ಎಂಬ ನಮ್ಮ ಗೆರೆಯನ್ನು ಒಂದು ಕಡೆ ಕಪ್ಪುಹಲಗೆಯ ಮೇಲೆ ಎಳೆದು, ಎಣಿಸಬಹುದಾದದ್ದು ಮತ್ತು ಎಣಿಸಲಾಗದ್ದು ಎಂಬ ಅವರ ಗೆರೆಯನ್ನು ಇನ್ನೊಂದು ಕಡೆ ಎಳೆದು ತೋರಿಸಿದರೆ, ತಾವು ಎಲ್ಲಿ ತಪ್ಪುತ್ತಿದ್ದೇವೆ ಎಂಬುದನ್ನು ಮಕ್ಕಳೇ ಹುಡುಕಿ ಹೇಳುತ್ತಾರೆ.

ನಮ್ಮ ಭಾಗದ ತರಗತಿಗಳಲ್ಲಿ ಕನ್ನಡವೊಂದೇ ಮನೆಮಾತಲ್ಲ ಎಂಬುದನ್ನೂ ಇಲ್ಲಿ ನೆನಪಿಡಬೇಕು. ಸೇಡಂ, ಗುರುಮಠಕಲ್ ಕಡೆ ತೆಲುಗು ಮನೆಮಾತಿನ ಮಕ್ಕಳಿದ್ದಾರೆ. ತೆಲುಗಿನಲ್ಲಿ ಸಂಖ್ಯೆಯ ಮುಂದೆಯೂ ನಾಮಪದ ಬಹುವಚನದಲ್ಲಿಯೇ ನಿಲ್ಲುತ್ತದೆ, 'ರೆಂಡು ಪುಸ್ತಕಾಲು' ಎಂದೇ ಅನ್ನಬೇಕು. ಬೀದರ್ ಕಡೆಯ ಮರಾಠಿಯಲ್ಲಿಯೂ 'ದೋನ್ ಪುಸ್ತಕೇ' ಎನ್ನುತ್ತಾರೆ. ಕಲಬುರಗಿಯ ಗಲ್ಲಿಗಲ್ಲಿಯಲ್ಲಿ ಕೇಳುವ ದಖನಿ ಉರ್ದುವಂತೂ ಲೋಗಾಂ, ಬಾತಾಂ, ಕಿತಾಬಾಂ ಎಂದು ಒಂದೇ ಪ್ರತ್ಯಯವನ್ನು ಮನುಷ್ಯರಿಗೂ ಮಾತಿಗೂ ಪುಸ್ತಕಕ್ಕೂ ಹಚ್ಚುತ್ತದೆ, ಇಂಗ್ಲಿಷಿನ ಎಸ್ ಮಾಡುವ ಕೆಲಸವನ್ನೇ ಅದು ಮಾಡುತ್ತದೆ. ಈ ಮಕ್ಕಳಿಗೆ 'ಟೂ ಬುಕ್ಸ್' ಹೊಸ ವಿಚಾರವಲ್ಲ. ಒಂದೇ ಬೆಂಚಿನ ಮೇಲೆ ಕುಳಿತ ಇಬ್ಬರಲ್ಲಿ ಒಬ್ಬನಿಗೆ ಸಹಜವಾಗಿ ಬರುವುದು ಇನ್ನೊಬ್ಬನಿಗೆ ಏಕೆ ಬರುವುದಿಲ್ಲ ಎಂಬುದಕ್ಕೆ ಬುದ್ಧಿವಂತಿಕೆಯ ಅಳತೆಗೋಲು ಹಿಡಿಯುವ ಮೊದಲು ಅವರವರ ಮನೆಮಾತನ್ನು ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು.

ಎಣಿಸುವ ಪ್ರಶ್ನೆಗೆ ಬರೋಣ. ಎಣಿಸಬಹುದಾದದ್ದು ಯಾವುದು ಎಂಬುದನ್ನು ಕಣ್ಣಿನಿಂದ ನೋಡಿ ನಿರ್ಧರಿಸಬಹುದು ಎಂದು ಮಕ್ಕಳು ನಂಬುತ್ತಾರೆ, ಅನೇಕ ಪುಸ್ತಕಗಳೂ ಹಾಗೆಯೇ ಹೇಳುತ್ತವೆ: ನೀರು, ಗಾಳಿ, ಹಾಲು ಎಣಿಸಲಾಗವು, ಕುರ್ಚಿ, ಮರ, ಹಕ್ಕಿ ಎಣಿಸಬಹುದು. ಆದರೆ ನಮ್ಮ ಹೊಲಗಳಿಗೆ ಬಂದರೆ ಈ ವಿವರಣೆ ಕುಸಿದು ಬೀಳುತ್ತದೆ. ಗೋಧಿಗೆ ವೀಟ್, ಅಕ್ಕಿಗೆ ರೈಸ್, ಜೋಳಕ್ಕೆ ಸೋರ್ಗಮ್. ಮೂರೂ ಎಣಿಸಲಾಗದ ನಾಮಪದಗಳು, ಎಸ್ ಬರುವುದಿಲ್ಲ. ಓಟ್ಸ್ ಎಂಬ ಧಾನ್ಯಕ್ಕೆ ಎಸ್ ಇದ್ದೇ ಇರುತ್ತದೆ. ಬೇಳೆಕಾಳುಗಳಿಗೆ ಪಲ್ಸಸ್, ಮಸೂರಕ್ಕೆ ಲೆಂಟಿಲ್ಸ್, ಅವರೆ ಜಾತಿಯವಕ್ಕೆಲ್ಲ ಬೀನ್ಸ್, ಇವೆಲ್ಲ ಬಹುವಚನ. ಜೋಳದ ಚೀಲವನ್ನೂ ತೊಗರಿಯ ಚೀಲವನ್ನೂ ಅಕ್ಕಪಕ್ಕ ಇಟ್ಟು ಒಂದೊಂದು ಹಿಡಿ ತೆಗೆದು ನೋಡಿದರೆ, ಒಂದು ಏಕೆ ಎಣಿಸಲಾಗದ್ದು, ಇನ್ನೊಂದು ಏಕೆ ಎಣಿಸಬಹುದಾದದ್ದು ಎಂಬುದಕ್ಕೆ ಆ ಕಾಳುಗಳಲ್ಲಿ ಉತ್ತರ ಸಿಗುವುದಿಲ್ಲ. ಎಣಿಕೆ ಎಂಬುದು ವಸ್ತುವಿನ ಗುಣವಲ್ಲ, ಆ ಭಾಷೆಯವರು ಬೆಳೆಸಿಕೊಂಡ ರೂಢಿ. ಇದನ್ನು ಮಕ್ಕಳಿಗೆ ನೇರವಾಗಿ ಹೇಳಿಬಿಡುವುದೇ ಪ್ರಾಮಾಣಿಕವಾದ ದಾರಿ. ಕಾರಣವಿಲ್ಲದ ಕಡೆ ಕಾರಣ ಕಟ್ಟಿ ಹೇಳಿದರೆ ಮರುದಿನವೇ ಆ ಕಾರಣ ಅವರನ್ನು ತಪ್ಪು ದಾರಿಗೆ ಎಳೆಯುತ್ತದೆ.

ತೊಗರಿಯ ಮಾತು ಬಂದದ್ದರಿಂದ ಅದರ ಹೆಸರಿನ ಕಥೆಯನ್ನೂ ಹೇಳಬೇಕು, ಏಕೆಂದರೆ ವಚನದ ಚರಿತ್ರೆಯಲ್ಲಿ ಇದಕ್ಕಿಂತ ಸೊಗಸಾದ ಉದಾಹರಣೆ ನನಗೆ ಗೊತ್ತಿಲ್ಲ. 2019ರಲ್ಲಿ ಭೌಗೋಳಿಕ ಸೂಚಿಕೆ ಪಡೆದ ನಮ್ಮ ತೊಗರಿಗೆ ಇಂಗ್ಲಿಷಿನಲ್ಲಿ ಪಿಜನ್ ಪೀ ಎನ್ನುತ್ತಾರೆ. ಈ 'ಪೀ' ಎಂಬ ಏಕವಚನ ಹಳೆಯ ಇಂಗ್ಲಿಷಿನಲ್ಲಿ ಇರಲೇ ಇಲ್ಲ. ಒಂದು ಬಟಾಣಿ ಕಾಳಿಗೂ 'ಪೀಸ್' ಎಂದೇ ಹೆಸರಿತ್ತು, ಕೊನೆಯ ಸಕಾರ ಪದದ ಅಂಗವೇ ಆಗಿತ್ತು. ಕಾಲ ಕಳೆದಂತೆ ಆ ಸಕಾರ ಬಹುವಚನದ ಎಸ್ ಎಂದು ಜನರ ಕಿವಿಗೆ ಕೇಳಿಸತೊಡಗಿತು. 'ಪೀಸ್' ಎಂದರೆ ಹಲವು ಕಾಳುಗಳು, ಹಾಗಾದರೆ ಒಂದು ಕಾಳು 'ಪೀ' ಆಗಿರಬೇಕು ಎಂದು ಲೆಕ್ಕ ಹಾಕಿ, 17ನೆಯ ಶತಮಾನದ ಹೊತ್ತಿಗೆ ಅವರು ಹೊಸ ಏಕವಚನವನ್ನೇ ಹುಟ್ಟಿಸಿಕೊಂಡರು. ಚೆರ್ರಿ ಹಣ್ಣಿನ ಹೆಸರೂ ಫ್ರೆಂಚಿನಿಂದ ಬಂದು ಇದೇ ಬಗೆಯಲ್ಲಿ ಕೊನೆಯ ಸಕಾರವನ್ನು ಕಳೆದುಕೊಂಡಿತು. ಭಾಷೆಯನ್ನು ಆಡುವವರ ಮನಸ್ಸಿನಲ್ಲಿ ಎಸ್ ಎಂಬ ಪ್ರತ್ಯಯ ಎಷ್ಟು ಬಲವಾಗಿ ಬೇರೂರಿತ್ತು ಎಂಬುದು ಇದರಿಂದ ತಿಳಿಯುತ್ತದೆ.

ಪರೀಕ್ಷೆಯ ದೃಷ್ಟಿಯಿಂದ ಹೆಚ್ಚು ಕಾಡುವವು ಧಾನ್ಯಗಳಲ್ಲ, ಇನ್ಫರ್ಮೇಷನ್, ಅಡ್ವೈಸ್, ಫರ್ನಿಚರ್, ಲಗೇಜ್, ಹೋಮ್‌ವರ್ಕ್, ನ್ಯೂಸ್ ಎಂಬ ಗುಂಪಿನವು. ಕನ್ನಡದಲ್ಲಿ ಮಾಹಿತಿಗಳು, ಸಲಹೆಗಳು, ಪೀಠೋಪಕರಣಗಳು, ಸಾಮಾನುಗಳು, ಸುದ್ದಿಗಳು ಎಲ್ಲವೂ ನಡೆಯುತ್ತವೆ. ಆದ್ದರಿಂದ ಇನ್ಫರ್ಮೇಷನ್ಸ್, ಅಡ್ವೈಸಸ್, ಫರ್ನಿಚರ್ಸ್ ಎಂದು ಬರೆಯುವ ಮಗು ತನ್ನ ಭಾಷೆಗೆ ಸರಿಯಾಗಿಯೇ ಯೋಚಿಸಿರುತ್ತದೆ. ಇವನ್ನು ನಿಷೇಧದ ಪಟ್ಟಿಯಾಗಿ ಕೊಡುವುದಕ್ಕಿಂತ ಚೀಲದ ಲೆಕ್ಕದಿಂದ ಹೇಳಿಕೊಡುವುದು ಹೆಚ್ಚು ಫಲ ಕೊಡುತ್ತದೆ. 'ಹತ್ತು ಚೀಲ ಅಕ್ಕಿ' ಎನ್ನುವಾಗ ನಾವು ಅಕ್ಕಿಯನ್ನು ಎಣಿಸುವುದಿಲ್ಲ, ಚೀಲವನ್ನು ಎಣಿಸುತ್ತೇವೆ. ಇಂಗ್ಲಿಷಿನಲ್ಲಿ 'ಟೆನ್ ಬ್ಯಾಗ್ಸ್ ಆಫ್ ರೈಸ್' ಎನ್ನುವಾಗಲೂ ಎಸ್ ಕೂರುವುದು ಚೀಲದ ಮೇಲೆ. ಇದು ಗಟ್ಟಿಯಾದ ಮೇಲೆ 'ಎ ಪೀಸ್ ಆಫ್ ಅಡ್ವೈಸ್' ಎಂಬುದನ್ನು ವಿವರಿಸುವುದು ಸುಲಭ, ಅದಕ್ಕೆ ಸರಿಸಮನಾದ ಮಾತು ನಮ್ಮಲ್ಲೇ ಇದೆ. ಯಾರೂ 'ನಾಲ್ಕು ಬುದ್ಧಿ ಹೇಳಿದರು' ಅನ್ನುವುದಿಲ್ಲ, 'ನಾಲ್ಕು ಬುದ್ಧಿಮಾತು ಹೇಳಿದರು' ಎನ್ನುತ್ತಾರೆ. ಅಲ್ಲಿ ಎಣಿಕೆಯಾದದ್ದು ಬುದ್ಧಿಯಲ್ಲ, ಮಾತು. ಈ ಒಂದು ಉದಾಹರಣೆ ಹೇಳಿದ ಮೇಲೆ ಅಡ್ವೈಸಸ್ ಎಂದು ಬರೆಯುವವರು ತರಗತಿಯಲ್ಲಿ ಬಹಳ ಕಡಿಮೆಯಾಗುತ್ತಾರೆ. ಸಿಝರ್ಸ್, ಟ್ರೌಸರ್ಸ್, ಸ್ಪೆಕ್ಟಕಲ್ಸ್ ಮುಂತಾದವು ಇದಕ್ಕೆ ತದ್ವಿರುದ್ಧ. ಎರಡು ಭಾಗ ಕೂಡಿ ಆದ ವಸ್ತುಗಳೆಂದು ಅವು ಸದಾ ಬಹುವಚನದಲ್ಲಿ ಇರುತ್ತವೆ, ಎಣಿಸಬೇಕಾದರೆ ಜೋಡಿಯ ಲೆಕ್ಕ ಹಿಡಿಯಬೇಕು ಎಂದು ಒಂದೇ ಮಾತಿನಲ್ಲಿ ಹೇಳಿ ಮುಗಿಸಬಹುದು.

ನಾಮಪದವನ್ನು ಬಿಟ್ಟು ಕ್ರಿಯಾಪದದ ಕಡೆಗೆ ತಿರುಗಿದರೆ ಇನ್ನೊಂದು ಗಂಟು ಎದುರಾಗುತ್ತದೆ. 'ದಿ ಬಾಯ್ ರನ್ಸ್', 'ದಿ ಬಾಯ್ಸ್ ರನ್': ಎಸ್ ಎಂಬುದು ಬಹುವಚನದ ಗುರುತು ಎಂದು ನಿನ್ನೆ ಕಲಿತ ಮಗುವಿಗೆ, ಏಕವಚನದ ವಾಕ್ಯದಲ್ಲಿ ಅದೇ ಎಸ್ ಕ್ರಿಯಾಪದಕ್ಕೆ ಅಂಟಿಕೊಂಡದ್ದನ್ನು ಕಂಡು ಗೊಂದಲವಾಗುವುದು ಸಹಜ. ಕನ್ನಡದಲ್ಲಿ 'ಹುಡುಗರು ಓಡುತ್ತಾರೆ' ಎಂದು ಎರಡೂ ಕಡೆ ಬಹುವಚನ ಒಟ್ಟಿಗೆ ನಡೆಯುತ್ತದೆ. ಇಂಗ್ಲಿಷಿನ ಈ ಎರಡು ಎಸ್‌ಗಳು ನೋಡಲು ಒಂದೇ ಆದರೂ ಮೂಲದಲ್ಲಿ ಅವಕ್ಕೆ ಸಂಬಂಧವಿಲ್ಲ. ನಾಮಪದದ್ದು ಹಳೆಯ ಇಂಗ್ಲಿಷಿನ ಪುಲ್ಲಿಂಗ ಪದಗಳ 'ಅಸ್' ಎಂಬ ಬಹುವಚನ ಪ್ರತ್ಯಯದಿಂದ ಇಳಿದು ಬಂದದ್ದು. ಕ್ರಿಯಾಪದದ್ದು ಉತ್ತರ ಇಂಗ್ಲೆಂಡಿನ ಆಡುಮಾತಿನಿಂದ ಬಂದು, ದಕ್ಷಿಣದಲ್ಲಿದ್ದ 'ಎಥ್' ಎಂಬ ಪ್ರತ್ಯಯವನ್ನು ಹಿಂದೆ ಸರಿಸಿದ್ದು. ಇಂಗ್ಲಿಷ್ ಮನೆಮಾತಿನ ಮಕ್ಕಳಿಗೂ ಇವೆರಡು ಒಟ್ಟಿಗೆ ದಕ್ಕುವುದಿಲ್ಲ. ಪುಟ್ಟ ಮಕ್ಕಳ ಮಾತನ್ನು ದೀರ್ಘಕಾಲ ಗಮನಿಸಿ ಅಮೆರಿಕದ ಮನೋವಿಜ್ಞಾನಿ ರೋಜರ್ ಬ್ರೌನ್ 1973ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನಾಮಪದದ ಎಸ್ ಬಹಳ ಮೊದಲೇ ಬರುತ್ತದೆ, ಕ್ರಿಯಾಪದದ ಎಸ್ ಎಷ್ಟೋ ತಡವಾಗಿ ಬರುತ್ತದೆ. ತಾಯಿಯ ಮಡಿಲಲ್ಲಿ ಆ ಭಾಷೆ ಕಲಿತವರಿಗೇ ಹೀಗಿರುವಾಗ, ವಾರಕ್ಕೆ ಕೆಲವು ಪಿರಿಯಡ್‌ಗಳಲ್ಲಿ ಕಲಿಯುವವರ ಮೇಲೆ ಸಿಡುಕುವುದರಲ್ಲಿ ಅರ್ಥವಿಲ್ಲ.

ಗೌರವದ ಬಹುವಚನ ಈ ಗಂಟನ್ನು ಇನ್ನಷ್ಟು ಬಿಗಿ ಮಾಡುತ್ತದೆ. 'ಮೈ ಫಾದರ್ ಆರ್ ಎ ಫಾರ್ಮರ್' ಎಂದು ಬರೆಯುವ ಮಗು ಅಪ್ಪನನ್ನು ಏಕವಚನದಲ್ಲಿ ಹೇಳಲು ಹಿಂಜರಿದಿದೆ. 'ನಮ್ಮ ತಂದೆಯವರು ರೈತರು' ಎನ್ನುವುದೇ ನಮ್ಮ ಮರ್ಯಾದೆ. ನಮ್ಮ ಕಡೆ ಮನೆಗೆ ಬಂದ ಒಬ್ಬ ಅಪರಿಚಿತ ಮಹಿಳೆಯ ಬಗ್ಗೆಯೂ 'ಯಾರೋ ಹೆಣ್ಮಕ್ಕಳು ಬಂದಾರ್ರಿ' ಎಂದೇ ಒಳಗೆ ಸುದ್ದಿ ಮುಟ್ಟಿಸುತ್ತಾರೆ. ಬಹುವಚನವನ್ನು ಗೌರವಕ್ಕೆ ಕೊಟ್ಟುಬಿಟ್ಟದ್ದರಿಂದ ನಿಜವಾದ ಬಹುವಚನಕ್ಕೆ ಕೊರತೆಯಾಗಿಯೇ ಅವರುಗಳು, ಶಿಕ್ಷಕರುಗಳು, ಸದಸ್ಯರುಗಳು ಎಂಬ ಜೋಡಿ ಬಹುವಚನಗಳು ಕಚೇರಿಯ ಕನ್ನಡದಲ್ಲಿ ಹುಟ್ಟಿಕೊಂಡವು. ವೈಯಾಕರಣರು ಅವನ್ನು ಒಪ್ಪುವುದಿಲ್ಲ, ನಾನೂ ಬರೆಯುವುದಿಲ್ಲ, ಆದರೆ ಅವು ಏಕೆ ಹುಟ್ಟಿದವು ಎಂಬುದು ಅರ್ಥವಾಗುತ್ತದೆ. ಇಂಗ್ಲಿಷಿನ ಚಿಲ್ಡ್ರನ್ ಕೂಡ ಅಂಥದ್ದೇ ಜೋಡಿ ಬಹುವಚನ: ಹಳೆಯ ಬಹುವಚನವಾದ 'ಚಿಲ್ಡ್ರು' ಎಂಬುದರ ಗುರುತು ಮಸುಕಾದ ಮೇಲೆ ಅದರ ಮೇಲೆಯೇ 'ಎನ್' ಎಂಬ ಇನ್ನೊಂದು ಪ್ರತ್ಯಯ ಹತ್ತಿ ಕುಳಿತದ್ದು.

ಒಬ್ಬನೇ ವ್ಯಕ್ತಿಗೆ 'ಯು ಆರ್' ಏಕೆ, 'ಯು ಇಸ್' ಏಕಾಗಬಾರದು ಎಂದು ಮಕ್ಕಳು ಕೇಳುತ್ತಾರೆ. ಉತ್ತರ ನಮ್ಮವರಿಗೆ ತಟ್ಟನೆ ತಿಳಿಯುವಂಥದ್ದು. ಇಂಗ್ಲಿಷಿನಲ್ಲಿಯೂ ಒಂದು ಕಾಲಕ್ಕೆ 'ದೌ' ಎಂಬ ನೀನು, 'ಯು' ಎಂಬ ನೀವು ಎರಡೂ ಇದ್ದವು. ಹಿರಿಯರಿಗೆ, ದೊಡ್ಡವರಿಗೆ 'ಯು' ಎನ್ನುವ ಮರ್ಯಾದೆ ಹಬ್ಬುತ್ತಾ ಹಬ್ಬುತ್ತಾ ಎಲ್ಲರಿಗೂ ಅದೇ ಆಯಿತು, ನೀನು ಎಂಬುದು ದಿನಬಳಕೆಯಿಂದ ಮರೆಯಾಯಿತು. 'ಆರ್' ಎಂಬ ಬಹುವಚನದ ಕ್ರಿಯಾಪದ ಆ ಹಳೆಯ ಗೌರವದ ಗುರುತಾಗಿ ಉಳಿದಿದೆ. ಇಂಗ್ಲಿಷಿನಲ್ಲಿ ಮರ್ಯಾದೆಯೇ ಇಲ್ಲ ಎಂದು ನಂಬಿಕೊಂಡಿದ್ದ ಮಕ್ಕಳು ಇದನ್ನು ಕೇಳಿ ಎದ್ದು ಕೂರುತ್ತಾರೆ. ಅಪ್ಪನಿಗೆ ಮಾತ್ರ ಆ ಸೌಲಭ್ಯ ಇಲ್ಲ, 'ಹಿ ಇಸ್' ಎಂದೇ ಬರೆಯಬೇಕು, ಅದರಿಂದ ಅಪ್ಪನಿಗೆ ಅವಮಾನವಾಗುವುದಿಲ್ಲ ಎಂದು ಆಗ ಧೈರ್ಯ ಹೇಳಬಹುದು.

ಇಷ್ಟಾದ ಮೇಲೆ ಮ್ಯಾನ್–ಮೆನ್ ಪಟ್ಟಿಯನ್ನು ತೆರೆಯುವುದು ಸರಿ, ತೆರೆದಾಗ ಅದರ ಹಿಂದಿನ ಕಾರಣವನ್ನೂ ಹೇಳುವುದು ಸರಿ. ಸ್ವರ ಬದಲಾಗುವ ಪದಗಳು ಇಂದು ಉಳಿದಿರುವುದು ಬೆರಳೆಣಿಕೆಯಷ್ಟು: ಮ್ಯಾನ್, ವುಮನ್, ಫುಟ್, ಟೂತ್, ಗೂಸ್, ಮೌಸ್, ಲೌಸ್. ಇಂಗ್ಲಿಷಿನ ಮೂಲವಾದ ಹಳೆಯ ಜರ್ಮಾನಿಕ್ ಮಾತಿನಲ್ಲಿ ಇವುಗಳ ಬಹುವಚನದ ಕೊನೆಯಲ್ಲಿ ಒಂದು ಇಕಾರವಿತ್ತು. ಮುಂದೆ ಬರಲಿರುವ ಇಕಾರಕ್ಕೆ ನಾಲಿಗೆ ಮೊದಲೇ ಸಿದ್ಧವಾಗಿ, ಹಿಂದಿನ ಸ್ವರವನ್ನೂ ತನ್ನ ಕಡೆಗೆ ಎಳೆದುಕೊಂಡಿತು. ಫುಟ್ ಎಂಬುದರ ಹಳೆಯ ರೂಪವಾದ ಫೋಟ್‌ನ ಬಹುವಚನ ಫೇಟ್ ಆಯಿತು. ಆಮೇಲೆ ಇಕಾರ ಉದುರಿಹೋಯಿತು, ಅದು ಮಾಡಿದ ಬದಲಾವಣೆ ಮಾತ್ರ ಉಳಿಯಿತು. ಬುಕ್ ಎಂಬ ಪದವೂ ಒಂದು ಕಾಲಕ್ಕೆ ಇದೇ ಗುಂಪಿನದಾಗಿತ್ತು, ಅದರ ಹಳೆಯ ಬಹುವಚನ 'ಬೇಚ್'. ಅದು ಗುಂಪನ್ನು ಬಿಟ್ಟು ಎಸ್ ಹಚ್ಚಿಕೊಂಡಿತು; ದಿನನಿತ್ಯ ಬಾಯಲ್ಲಿ ಆಡುತ್ತಿದ್ದ ಕಾಲು, ಹಲ್ಲು, ಇಲಿ, ಹೇನು, ಗಂಡಸು, ಹೆಂಗಸು ಹಳೆಯ ರೂಪದಲ್ಲಿಯೇ ಉಳಿದವು. ಹೆಚ್ಚು ಬಳಸುವ ಪದಗಳೇ ಹಳೆಯ ನಿಯಮವನ್ನು ಹಿಡಿದುಕೊಂಡಿರುತ್ತವೆ ಎಂಬುದು ನಮ್ಮ 'ಮಗು–ಮಕ್ಕಳು' ಜೋಡಿಯಲ್ಲಿಯೂ ಕಾಣುತ್ತದೆ.

ಫುಟ್, ಫೀಟ್ ಬಗ್ಗೆ ಇನ್ನೊಂದು ಮಾತು. ಶಹಾಬಾದ್ ಕಲ್ಲಿನ ವ್ಯವಹಾರ ಇರುವ ನಮ್ಮ ಊರ ಕಡೆ ಈ ಪದ ಗೌಂಡಿಯಿಂದ ಹಿಡಿದು ಲಾರಿ ಚಾಲಕನವರೆಗೆ ಎಲ್ಲರ ಬಾಯಲ್ಲಿದೆ. ಕಲ್ಲಿನ ಉದ್ದ ಎರಡು ಅಡಿ ಎಂದಾಗ ಇಂಗ್ಲಿಷಿನಲ್ಲಿ 'ಟೂ ಫೀಟ್ ಲಾಂಗ್'. ಎರಡು ಅಡಿಯ ಕಲ್ಲು ಎಂದಾಗ 'ಎ ಟೂ ಫುಟ್ ಸ್ಟೋನ್'. ಮೊದಲನೆಯದರಲ್ಲಿ ಬಹುವಚನ, ಎರಡನೆಯದರಲ್ಲಿ ಏಕವಚನದ ರೂಪ. ಹತ್ತು ರೂಪಾಯಿ ನೋಟು, ಐದು ವರ್ಷದ ಮಗು ಎಂಬುವೂ ಹೀಗೆಯೇ ಟೆನ್ ರುಪೀ ನೋಟ್, ಫೈವ್ ಇಯರ್ ಓಲ್ಡ್ ಚೈಲ್ಡ್ ಆಗುತ್ತವೆ. ಅಳತೆಯ ಮಾತು ನಾಮಪದಕ್ಕಿಂತ ಮೊದಲು ವಿಶೇಷಣವಾಗಿ ನಿಂತಾಗ ಎಸ್ ಬರುವುದಿಲ್ಲ ಎಂಬ ನಿಯಮ ಇದು. ಹಳೆಯ ಇಂಗ್ಲಿಷಿನಲ್ಲಿ ಇಂಥ ಕಡೆ ಬರುತ್ತಿದ್ದ ಷಷ್ಠೀ ವಿಭಕ್ತಿಯ ಬಹುವಚನ 'ಫೋಟಾ' ಸವೆದು ಫುಟ್ ಆಗಿ, ಏಕವಚನದ ಹಾಗೆ ಕಾಣುತ್ತಿದೆ. ಕುರಿಯ ವಿಷಯದಲ್ಲಿಯೂ ನಮ್ಮ ಮಕ್ಕಳಿಗೆ ಶ್ರಮವಿಲ್ಲ: 'ನೂರು ಕುರಿ' ಎಂಬುದಕ್ಕೆ 'ಎ ಹಂಡ್ರೆಡ್ ಶೀಪ್' ಎಂದರೆ ಸಾಕು. ಹಳೆಯ ಇಂಗ್ಲಿಷಿನ ಕೆಲವು ನಪುಂಸಕಲಿಂಗದ ಪದಗಳಿಗೆ ಬಹುವಚನದ ಪ್ರತ್ಯಯವೇ ಇರಲಿಲ್ಲ, ಶೀಪ್ ಮತ್ತು ಡಿಯರ್ ಆ ವಂಶದವು.

ಎಸ್ ಎಂಬ ಪ್ರತ್ಯಯ ಸುಲಭವಾಗಿ ಗೆದ್ದದ್ದೂ ಅಲ್ಲ. ದಕ್ಷಿಣ ಇಂಗ್ಲೆಂಡಿನಲ್ಲಿ ಬಹುಕಾಲ 'ಎನ್' ಪ್ರತ್ಯಯವೇ ಪ್ರಬಲವಾಗಿತ್ತು. ಮುದ್ರಕ ವಿಲಿಯಂ ಕ್ಯಾಕ್ಸ್‌ಟನ್ 1490ರ ಒಂದು ಮುನ್ನುಡಿಯಲ್ಲಿ ಹೇಳುವ ಪ್ರಸಂಗ ಪ್ರಸಿದ್ಧವಾದದ್ದು: ಥೇಮ್ಸ್ ನದಿಯಲ್ಲಿ ಹಡಗು ನಿಂತಿದ್ದಾಗ ದಡಕ್ಕೆ ಬಂದ ವ್ಯಾಪಾರಿಯೊಬ್ಬ 'ಎಗ್ಸ್' ಕೇಳಿದ, ಮನೆಯೊಡತಿ ತನಗೆ ಫ್ರೆಂಚ್ ಬರುವುದಿಲ್ಲ ಎಂದಳು, ಅವನಿಗೂ ಫ್ರೆಂಚ್ ಬಾರದ್ದರಿಂದ ಸಿಟ್ಟು ಬಂತು. ಕೊನೆಗೆ ಇನ್ನೊಬ್ಬ 'ಐರೆನ್' ಎಂದಾಗಲೇ ಆಕೆಗೆ ತಿಳಿದದ್ದು. ಮೊಟ್ಟೆಗೆ ಒಂದು ಕಡೆ ಎಸ್, ಇನ್ನೊಂದು ಕಡೆ ಎನ್, ಎರಡೂ ಒಂದೇ ಭಾಷೆ.

ಉಚ್ಚಾರಣೆಯ ಬಗ್ಗೆ ನಮ್ಮ ಶಾಲೆಗಳಲ್ಲಿ ಯಾರೂ ಹೆಚ್ಚು ಹೇಳುವುದಿಲ್ಲ, ಹೇಳಬೇಕು. ಬರೆಯುವಾಗ ಎಸ್ ಒಂದೇ ಆದರೂ ಅದಕ್ಕೆ ಮೂರು ದನಿಗಳಿವೆ. ಕ್ಯಾಟ್ಸ್, ಬುಕ್ಸ್ ಎಂಬಲ್ಲಿ ಸಕಾರ. ಡಾಗ್, ಪೆನ್, ಬಾಯ್ ಮುಂತಾದವುಗಳ ಮುಂದೆ 'ಜ಼್' ಎಂಬ ದನಿ. ಬಸ್, ಬಾಕ್ಸ್, ಚರ್ಚ್ ಮುಂತಾದವುಗಳ ಮುಂದೆ 'ಇಜ಼್'. ಈ ಜ಼ಕಾರ ಕನ್ನಡದ ಮೂಲ ದನಿಯಲ್ಲ, ಆದರೆ ಜ಼ಮೀನ್, ಬಾಜ಼ಾರ್, ನಮಾಜ಼್ ಎಂಬ ಮಾತುಗಳನ್ನು ದಿನವೂ ಕೇಳುವ ಕಲಬುರಗಿ, ಬೀದರಿನ ಕಿವಿಗೆ ಅದು ಪರಿಚಿತ. ಪಕ್ಕದ ಮನೆಯವರು ಜ಼ಮೀನ್ ಎನ್ನುವುದನ್ನು ನೆನಪಿಸಿ 'ಪೆನ್ಸ್' ಹೇಳಿಸಿದರೆ ಸರಿಯಾದ ದನಿ ಒಂದೆರಡು ಪ್ರಯತ್ನಗಳಲ್ಲಿ ಬರುತ್ತದೆ. ಮಕ್ಕಳು ಬಾಯಿಪಾಠದಿಂದಲ್ಲದೆ ನಿಯಮದಿಂದ ಕಲಿಯುತ್ತಾರೆ ಎಂಬುದಕ್ಕೂ ಈ ಮೂರು ದನಿಗಳೇ ಸಾಕ್ಷಿಯಾದವು. 1958ರಲ್ಲಿ ಜೀನ್ ಬರ್ಕೊ ಎಂಬ ಅಮೆರಿಕದ ಸಂಶೋಧಕಿ ಹಕ್ಕಿಯಂಥ ಒಂದು ಚಿತ್ರ ತೋರಿಸಿ ಇದು 'ವಗ್' ಎಂದರು. ಎರಡು ಬಂದರೆ ಏನೆನ್ನುತ್ತೀರಿ ಎಂದು ನಾಲ್ಕರಿಂದ ಏಳು ವರ್ಷದ ಮಕ್ಕಳನ್ನು ಕೇಳಿದರು. ಹಿಂದೆಂದೂ ಕೇಳದ ಆ ಪದಕ್ಕೆ ಹೆಚ್ಚಿನವರು ಸರಿಯಾದ ದನಿಯ ಬಹುವಚನವನ್ನೇ ಹೇಳಿದರು. ಆದರೆ ಗ್ಲಾಸ್ ಎಂಬುದರ ಬಹುವಚನ ಬಲ್ಲ ಮಕ್ಕಳೇ ಅದೇ ಪ್ರಾಸದ 'ಟಾಸ್' ಎಂಬ ಕಲ್ಪಿತ ಪದಕ್ಕೆ ತಡವರಿಸಿದರು. 'ಇಜ಼್' ಎಂಬ ದನಿ ತಡವಾಗಿಯೇ ದಕ್ಕುತ್ತದೆ.

ಹೊರಗಿನಿಂದ ಬಂದ ಪದಗಳು ತಮ್ಮ ಬಹುವಚನವನ್ನು ಹೊತ್ತುಕೊಂಡೇ ಬರುತ್ತವೆ. ಡೇಟಾ, ಮೀಡಿಯಾ, ಅಜೆಂಡಾ ಮೂರೂ ಲ್ಯಾಟಿನ್ನಿನ ಬಹುವಚನಗಳು. ಅಜೆಂಡಾ ಇಂದು ಇಂಗ್ಲಿಷಿನಲ್ಲಿ ಪೂರ್ತಿ ಏಕವಚನವಾಗಿದೆ, ಡೇಟಾ ಎರಡೂ ಕಡೆ ಓಡಾಡುತ್ತಿದೆ. ಕ್ರೈಟೀರಿಯಾ, ಫಿನಾಮಿನಾ ಎಂಬ ಗ್ರೀಕ್ ಪದಗಳು ಮಾತ್ರ ಎಚ್ಚರದ ಬರವಣಿಗೆಯಲ್ಲಿ ಬಹುವಚನವಾಗಿಯೇ ಉಳಿದಿವೆ. ಇದು ವಿಚಿತ್ರವೆನಿಸುವವರು 1948ರವರೆಗೆ ನಿಜಾಮರ ಆಡಳಿತದಲ್ಲಿದ್ದ ನಮ್ಮ ಭಾಗದ ಕಾಗದಪತ್ರಗಳ ಭಾಷೆಯನ್ನು ನೋಡಬೇಕು. 'ಹಾಲ್' ಎಂಬ ಅರಬ್ಬಿ ಪದದ ಬಹುವಚನ 'ಅಹ್ವಾಲ್'. ಕನ್ನಡದಲ್ಲಿ ಅದು ಅಹವಾಲು ಎಂಬ ಏಕವಚನವಾಗಿ, ತಹಸೀಲ್ದಾರರ ಮುಂದೆ ಅಹವಾಲುಗಳು ಎಂದು ಮತ್ತೊಮ್ಮೆ ಬಹುವಚನವಾಗಿದೆ. ಖಬರ್ ಎಂಬುದರ ಬಹುವಚನ ಅಖ್ಬಾರ್. ಅದು ಉರ್ದುವಿನಲ್ಲಿ ಒಂದು ಪತ್ರಿಕೆಗೆ ಹೆಸರು. ಇಂಗ್ಲಿಷಿನ ನ್ಯೂಸ್ ಕೂಡ ಹೊಸದು ಎಂಬ ಪದಕ್ಕೆ ಎಸ್ ಹಚ್ಚಿ ಆದದ್ದು, ಇಂದು ಅದಕ್ಕೆ ಏಕವಚನದ ಕ್ರಿಯಾಪದವೇ ಬರುತ್ತದೆ. ಸುದ್ದಿಯ ವಿಷಯದಲ್ಲಿ ಅರಬ್ಬಿಯೂ ಇಂಗ್ಲಿಷೂ ಬೇರೆ ಬೇರೆ ದಾರಿ ಹಿಡಿದು ಒಂದೇ ಜಾಗಕ್ಕೆ ಬಂದಿವೆ. ನಾವು ಈಗ 'ಒಂದು ಮಾರ್ಕ್ಸ್ ಹೋಯ್ತು', 'ಒಬ್ಬ ಲೇಡೀಸ್ ಇದ್ದರು' ಎನ್ನುವುದೂ ಇದೇ ಪ್ರಕ್ರಿಯೆ. ಕನ್ನಡದ ಮಾತಿನಲ್ಲಿ ಅದು ತಪ್ಪೇನೂ ಅಲ್ಲ, ಇಂಗ್ಲಿಷ್ ಬರೆಯುವಾಗ ಆ ಎಸ್ ಅನ್ನು ತೆಗೆಯಬೇಕು, ಅಷ್ಟೇ.

ಕೊನೆಯದಾಗಿ, ಪದವೀಧರರ ಅರ್ಜಿಗಳಲ್ಲಿಯೂ ಕಾಣುವ ಒಂದು ತಪ್ಪು: 'ಒನ್ ಆಫ್ ಮೈ ಫ್ರೆಂಡ್'. ಒನ್ ಎಂದ ಮೇಲೆ ಏಕವಚನವೇ ಬರಬೇಕಲ್ಲವೇ ಎಂಬ ತರ್ಕ ಇದರ ಹಿಂದಿದೆ. ಇಲ್ಲಿ ಮಾತ್ರ ಕನ್ನಡವನ್ನು ಮರೆಯುವುದಲ್ಲ, ಗಟ್ಟಿಯಾಗಿ ಹಿಡಿದುಕೊಳ್ಳಬೇಕು. 'ಗೆಳೆಯನಲ್ಲಿ ಒಬ್ಬ' ಎಂದು ನಾವು ಹೇಳುವುದಿಲ್ಲ, 'ಗೆಳೆಯರಲ್ಲಿ ಒಬ್ಬ ಬಂದಿದ್ದಾನೆ' ಎನ್ನುತ್ತೇವೆ. ಗೆಳೆಯರು ಬಹುವಚನ, ಬಂದಿದ್ದಾನೆ ಏಕವಚನ. 'ಒನ್ ಆಫ್ ಮೈ ಫ್ರೆಂಡ್ಸ್ ಹ್ಯಾಸ್ ಕಮ್' ಎಂಬಲ್ಲಿಯೂ ಅದೇ ಲೆಕ್ಕ. ಎಣಿಸುವಾಗ ಗಳು ಪ್ರತ್ಯಯವನ್ನು ಬಿಟ್ಟುಬಿಡುವ ಮನುಷ್ಯೇತರ ಪದಗಳು ಸಹ ಇಲ್ಲಿ ಅದನ್ನು ಬಿಡುವುದಿಲ್ಲ: 'ಊರಿನಲ್ಲಿ ನಾಲ್ಕು ಬಾವಿ ಅವ' ಎಂದು ಹೇಳುವವರೇ 'ಆ ಬಾವಿಗಳಲ್ಲಿ ಒಂದು ಬತ್ತಿದೆ' ಎನ್ನುತ್ತಾರೆ, ಏಕೆಂದರೆ 'ಬಾವಿಯಲ್ಲಿ ಒಂದು' ಎಂದರೆ ಬಾವಿಯೊಳಗೆ ಏನೋ ಬಿದ್ದಿದೆ ಎಂಬ ಅರ್ಥವಾದೀತು. ಆದ್ದರಿಂದ ಒನ್ ಆಫ್ ಎಂದು ಆರಂಭವಾಗುವ ಯಾವ ವಾಕ್ಯವನ್ನಾದರೂ ಬರೆಯುವ ಮೊದಲು ಅದನ್ನು ಒಮ್ಮೆ ಕನ್ನಡದಲ್ಲಿ ಬಾಯಿಬಿಟ್ಟು ಹೇಳಿಸಿ, ಗಳು ಅಥವಾ ಅರು ಕೇಳಿಸಿದ ಜಾಗದಲ್ಲಿ ಎಸ್ ಹಾಕಿಸುತ್ತೇನೆ.